ಕಾರಣದ ಕಾಲಂ

ತುಮರಿ ಫೀಡರ್ ಆಫ್ ಮಾಡಿ ಕಂಬ ಹತ್ತಿದ್ದೆ.
ಅಂದರೆ ಹೊಳೆಯ ಈಚೆಗೆ ಒಂದು ಬಲ್ಬೂ ಇಲ್ಲ;
ಇಲ್ಲಿಯ ಬೆಳಕೆಲ್ಲ ನನ್ನ ಕೈಯಿಂದಲೇ ಹೋಗಬೇಕು,
ನನ್ನ ಕೈಯಿಂದಲೇ ಬರಬೇಕು.

ಆಗ ಬಂತು. ಕೊಡಚಾದ್ರಿಯ ಎಡಕ್ಕೆ,
ಹಾಲಿಗೆ ಚಿಟಿಕೆ ಅರಿಸಿನ ಬಿದ್ದ ಬಣ್ಣ.
ಸದ್ದಿಲ್ಲ. ನಿಂತಿತು. ಜಾರಿತು. ಮತ್ತೆ ನಿಂತಿತು,
ದಾರಿ ಕೇಳಲು ನಾಚಿಕೊಂಡ ನೆಂಟರ ಹಾಗೆ.

ಕೆಳಗೆ ಗಾಮಪ್ಪ ಟಾರ್ಚು ಆರಿಸಿದ:
‘ಕೊಳ್ಳಿದೆವ್ವ ಮಾರಾಯ, ಹೆಸರೆತ್ತಬೇಡ.’
ಬೆಳಿಗ್ಗೆ ಲಾಂಚಿನ ಹಮೀದ್ ಅಂದ, ಗುಡ್ಡ ಇಳಿಯೋ ಜೀಪು.
ಜೀಪು ಗುಡ್ಡ ಬಿಟ್ಟು ಆಕಾಶಕ್ಕೆ ಯಾಕೆ ತಿರುಗಿತು ಅಂತ
ನಾನು ಕೇಳಲಿಲ್ಲ.
ಸುಗುಣಾ ಟೀಚರು ಬೋರ್ಡಿನ ಮೇಲೆ ಬರೆದೇ ತೋರಿಸಿದರು:
ಗುರುಗ್ರಹ, ಮಂಜು, ನಿದ್ದೆಗೆಟ್ಟ ಕಣ್ಣು,
ಒಂದರಿಂದ ಒಂದಕ್ಕೆ ಬಾಣದ ಗುರುತು.
ಸೀಮೆಸುಣ್ಣ ಮುಗಿದ ಮೇಲೆ, ಬಾಯಲ್ಲೇ,
ಉಪಗ್ರಹವೂ ಇದ್ದೀತು ಅಂದರು.

ಎಲ್ಲ ಸರಿ. ನಾನೂ ಐಟಿಐ ಓದಿದವನೇ.
ಆದರೆ ಹಿನ್ನೀರಿಗೆ ಆ ರಾತ್ರಿ ಅಲೆಯಿರಲಿಲ್ಲ.
ಮುಳುಗಿದ ಮರದ ಬೊಡ್ಡೆಗಳ ನಡುವೆ
ಚೂರುಪಾರು ನಕ್ಷತ್ರವೂ ಬಿದ್ದಿತ್ತು, ಎಣಿಸಬಹುದಿತ್ತು.
ಅದೊಂದು ಮಾತ್ರ
ನೀರಲ್ಲಿ ಇರಲಿಲ್ಲ.
ಇದನ್ನು ಟೀಚರಿಗೆ ಹೇಳಿಲ್ಲ.
ಬಾಣ ಎಲ್ಲಿಗೆ ಎಳೆದಾರು ಪಾಪ?

ಲಾಗ್ ಬುಕ್ಕಿನಲ್ಲಿ ಬರೆದೆ:
ಲೈನ್ ಆಫ್ ಎರಡು ಹತ್ತು, ಆನ್ ಮೂರು ಇಪ್ಪತ್ತೈದು.
ಕಾರಣ: ಇನ್ಸುಲೇಟರ್ ಒಡೆದಿದೆ.
ಅರ್ಧ ಗಂಟೆಯ ಕೆಲಸ ಅದು.
ಉಳಿದ ಮುಕ್ಕಾಲು ಗಂಟೆ
ಊರನ್ನೆಲ್ಲ ಕತ್ತಲಲ್ಲಿಟ್ಟು
ಕಂಬದ ಮೇಲೆ ಏನು ಮಾಡುತ್ತಿದ್ದೆ ಎಂದು
ಸೆಕ್ಷನ್ ಆಫೀಸರು ಇನ್ನೂ ಕೇಳಿಲ್ಲ.