ಕೆಂಪು ಚುಕ್ಕಿಯ ಖಾನೆ

ಮುಹರಕ್ಕಿನ ಹಳೇ ಬೀದಿ, ಎರಡನೇ ಮಾಳಿಗೆ.
ಎಸಿಯ ಗೊರಕೆಯ ಕೆಳಗೆ ಕೂತು ನಾನು
ಸತ್ತವರನ್ನು ಖಾನೆಗೆ ಇಳಿಸುತ್ತೇನೆ.
ವಸ್ತು ಸಂಖ್ಯೆ. ವರ್ಷ. ಅಳತೆ. ದಾನಿ. ಹೆಸರು.
ಮನೆತನ: ಅದರೆದುರು ಒಂದು ಕೆಂಪು ಚುಕ್ಕಿ,
ತುಂಬದೆ ಮುಂದೆ ಹೋಗುವಂತಿಲ್ಲ.

ಇವತ್ತಿನದು ಮುತ್ತಿನ ದೋಣಿಯ ಫೋಟೋ.
ಅಂಚಿಗೆ ಹದಿನಾಲ್ಕು ಮಂದಿ,
ಮೂಗಿಗೆ ಚಿಮುಟ, ಕಾಲಿಗೆ ಕಲ್ಲು,
ಬೆರಳುಗಳಿಗೆ ತೊಗಲಿನ ಟೊಪ್ಪಿ.
ಹಿಂದಿನವರು ಬರೆದಿಟ್ಟದ್ದು ಇಷ್ಟು:
ಧಣಿಯ ಹೆಸರು, ಮೂರು ತಲೆಮಾರಿನ ತನಕ;
ಫೋಟೋ ತೆಗೆದ ದೊರೆಯ ಹೆಸರು, ಪದವಿ ಸಮೇತ;
ಉಳಿದಂತೆ, ಸೇವಕರು.

ನನಗೆ ಗುರುತು ಹತ್ತಿದ್ದು ಹಲಗೆ ಮಾತ್ರ.
ಸಂದಿಗೆ ಹತ್ತಿ ತುರುಕಿ ಮೀನೆಣ್ಣೆ ಬಳಿದ ಕೈಯ ಓರೆ,
ಗಂಗೊಳ್ಳಿಯ ದಕ್ಕೆಯಲ್ಲಿ ನನ್ನಪ್ಪನದೂ ಅದೇ.
ಅದಕ್ಕೆ ಖಾನೆಯಿಲ್ಲ.
ಇದ್ದರೂ ಏನಂತ ತುಂಬಲಿ? ನಾತ?

ಹನ್ನೊಂದಕ್ಕೆ ಗುಮಾಶಾ ಅಜ್ಜಿ ಬಂದರು.
ಎಪ್ಪತ್ತೊಂಬತ್ತು ವರ್ಷ, ಮಂಡಿನೋವು. ಲಿಫ್ಟು ಕೆಟ್ಟಿತ್ತು.
ಮೊಮ್ಮಗನ ಹೆಗಲು ಹಿಡಿದು ಹತ್ತಿದ್ದು ಮೂವತ್ತೆರಡು ಮೆಟ್ಟಿಲು;
'ಎಲ್ಲರಿಗೂ ತೆರೆದ ಪರಂಪರೆ' ಎಂದು ಬಾಗಿಲಲ್ಲಿ ಫಲಕ.
ಪರದೆಗೆ ಮೂಗು ತಾಗುವಷ್ಟು ಬಗ್ಗಿ
ಎಡದಿಂದ ಐದನೆಯವನ ಮೇಲೆ ಬೆರಳೂರಿದರು.
ಗಾಜಿನ ಮೇಲೆ ಬೆವರಿನದೊಂದು ಸೊನ್ನೆ.
"ಫರಜ್. ನನ್ನ ತಾಯಿಯ ತಂದೆ."

ಮನೆತನ? ಅಂದೆ. ನಾನಲ್ಲ, ಚುಕ್ಕಿ ಅನ್ನಿಸಿತು.
ಅಜ್ಜಿ ನಕ್ಕರು, ಹಲ್ಲಿಲ್ಲದ ಕಡೆಯಿಂದ;
ಅರೆ ಅರಬ್ಬಿ, ಅರೆ ಹಿಂದಿಯಲ್ಲಿ ಹೇಳಿದರು:
"ಮಾರಿದವರು ಹೆಸರು ಕೊಟ್ಟರು, ಕೊಂಡವರು ಮನೆತನ.
ನಿನ್ನ ಡಬ್ಬಿಗೆ ಯಾವುದು ಬೇಕು?
ಗುಲಾಮ ಅಂತ ಬರೀಬೇಡ, ಅದು ಅವನಲ್ಲ.
ಸೇವಕ ಅಂತಲೂ ಬೇಡ,
ಅದು ಅವರ ನಾಚಿಕೆಗೆ ಹೊದಿಸಿದ ಬಟ್ಟೆ.
ಮಾರಿದರು ಅಂತ ಬರಿ. ಮಾರಿದ್ದು ಅವನ ಕೆಲಸವಲ್ಲವಲ್ಲ."

ಸಂಬಳದ ಚೀಟಿಯಲ್ಲಿ ನಾನು ಸೋಮಯ್ಯ ಸೋಮಯ್ಯ.
ಅಡ್ಡಹೆಸರಿಲ್ಲದವನನ್ನು ಒಪ್ಪದ ಯಂತ್ರಕ್ಕೆ
ಇದ್ದೊಂದು ಹೆಸರನ್ನೇ ಎರಡು ಸಲ ಉಣಿಸಿದ್ದು.
ಅಜ್ಜಿಗೆ ಹೇಳಹೊರಟು ಬಾಯಿ ಮುಚ್ಚಿದೆ.
ಅದೂ ಇದೂ ಒಂದಲ್ಲ.
ಸಾಲ ಮಾಡಿಯಾದರೂ ಟಿಕೇಟು ಕೊಂಡವನು ನಾನೇ.

ಆಮೇಲೆ ಕ್ಯಾಸೆಟ್ಟಿನ ಮಾತು.
ಹೋದ ವಾರ ಮೊಮ್ಮಗ ತಂದಿಟ್ಟದ್ದು: ಅಜ್ಜಿಯ ತಾಯಿಯ ದನಿ.
ದೋಣಿ ತಿರುಗಿ ಬಾರದ ವರ್ಷ
ದಡದ ಹೆಂಗಸರು ಕಡಲನ್ನು ಬೈದ ಬೈಗುಳ, ರಾಗವಾಗಿ.
"ಹೆಂಗಸರು ಕೇಳಲಿ, ಎಷ್ಟು ಸಲವಾದರೂ.
ಗಂಡಸರು ಕೂಡದು. ನೀನೂ."

ಒಂಬತ್ತು ಸೆಕೆಂಡು ಕೇಳಿಯಾಗಿತ್ತು ನಾನು,
ದನಿ ಬಿದ್ದಿದೆಯೋ ಇಲ್ಲವೋ ನೋಡಲೆಂದು.
ಹೇಳಿಬಿಟ್ಟೆ.
ಅಜ್ಜಿ ಸುಮ್ಮನಾದರು. ಮೊಮ್ಮಗ ಗೋಡೆ ನೋಡಿದ.
ಕಿವಿಗೆ ಬಿದ್ದದ್ದನ್ನು ಅಳಿಸುವ ಗುಂಡಿ
ಯಾವ ಕೀಲಿಮಣೆಯಲ್ಲೂ ಇಲ್ಲ.

ಯಂತ್ರದಲ್ಲಿ ಎರಡೇ ದಾರಿ: ಎಲ್ಲರಿಗೂ, ಇಲ್ಲವೇ ಅಳಿಸು.
ಯಾರು ಕೇಳಬಹುದು ಅನ್ನುವ ಖಾನೆ ಬೇಕು ಎಂದು
ಕಟ್ಟಿದ ಕಂಪನಿಗೆ ಫೋನು ಹಚ್ಚಿದೆ.
ಅದು ಎರಡನೇ ಹಂತ, ಬಜೆಟ್ಟು ಬರಲಿ, ಅಂದರು.
ಅಜ್ಜಿ ಕೇಳಿದರು: "ನನ್ನದು ಎಷ್ಟನೇ ಹಂತವಂತೆ?"

ಕೊನೆಗೆ ಕೆಂಪು ಚುಕ್ಕಿಗೆ ಅವರೇ ಉತ್ತರ ಕೊಟ್ಟರು.
ಮೇಲಿನವರ ಹೆಸರು ತಾನೆ ಇಲ್ಲದ್ದು? ಕೆಳಗಿನಿಂದ ಬರಿ.
ಬರೆದೆ: ಫರಜ್, ಗುಮಾಶಾಳ ಅಜ್ಜ.
ಯಂತ್ರಕ್ಕೇನು, ಅಕ್ಷರ ಬಿದ್ದರೆ ಸಾಕು.
ಚುಕ್ಕಿ ಆರಿತು.

ಉಳಿದ ಹದಿಮೂರು ಮಂದಿ ಹಾಗೇ ನಿಂತಿದ್ದರು,
ಕಾಲಿಗೆ ಕಲ್ಲು ಕಟ್ಟಿಕೊಂಡು.

ಕ್ಯಾಸೆಟ್ಟು ಅಜ್ಜಿಯ ಚೀಲಕ್ಕೆ ಮರಳಿತು, ನಾನು ಮಾಡಿದ ಪ್ರತಿ ಕಸಕ್ಕೆ.
ಪಟ್ಟಿಯಲ್ಲಿ ಒಂದು ಸಾಲು ಉಳಿಸಿದೆ: ಇದೆ. ಇಲ್ಲಿಲ್ಲ.
ಅವರ ಮನೆಯ ಹೆಂಗಸರನ್ನು ಕೇಳಿ.
ಅಳತೆ: ಮೂವತ್ತೊಂದು ನಿಮಿಷ.
ಅದರಲ್ಲಿ ಒಂಬತ್ತು ಸೆಕೆಂಡು ಕಳೆಯಬೇಕೋ ಏನೋ
ಅಂದುಕೊಳ್ಳುತ್ತಿರುವಾಗ ಹೊರಗೆ
ಅಜ್ಜಿಯ ಕೋಲು
ಇನ್ನೂ ಮೆಟ್ಟಿಲಿಳಿಯುತ್ತಿತ್ತು.