ಒಳಜೇಬು

ಕಮ್ಮನಹಳ್ಳಿ ಮೇನ್ ರೋಡಿನಿಂದ ಎಡಕ್ಕೆ, ಮೊಟ್ಟೆ ಮಂಡಿ ದಾಟಿದರೆ
ಆರಡಿ ಅಗಲದ ಅಂಗಡಿ ನನ್ನದು.
ಬೋರ್ಡಿನಲ್ಲಿ ಆಲ್ಟರೇಷನ್ ಅಂತಿದೆ, ಕೊನೆಯ ಅಕ್ಷರ ಮಳೆಗೆ ಹೋಗಿದೆ.
ಪ್ಯಾಂಟು ಗಿಡ್ಡ ಮಾಡ್ತೀನಿ, ಜಿಪ್ ಬದಲಾಯಿಸ್ತೀನಿ,
ವಿಮಾನ ಹತ್ತೋರಿಗೆ ಒಳಜೇಬು ಹೊಲೀತೀನಿ.
ಒಂದಕ್ಕೆ ಎಂಬತ್ತು. ಜಿಪ್ ಬೇಕಂದ್ರೆ ನೂರಹತ್ತು.

ದೇಶ ನೋಡಿಲ್ಲ ನಾನು.
ಹೊಸೂರಿನಾಚೆ ಎರಡು ಸಲ ಹೋಗಿದ್ದೀನಿ, ಎರಡೂ ಸಾವಿಗೆ.
ಆದರೆ ಯಾವ ಊರಲ್ಲಿ ಕಳ್ಳನ ಕೈ ಎಲ್ಲಿಗೆ ಬರುತ್ತೆ ಅಂತ
ಟೇಪು ಹಿಡಿದು ಹೇಳಬಲ್ಲೆ.

ತ್ರಿವಿಕ್ರಮರಾಯರು ರೋಮಿಗೆ ಹೊರಟಾಗ
ಬನಿಯನ್ನಿಗೇ ಜೇಬು ಕೇಳಿದರು.
"ಬಸ್ಸಲ್ಲಿ ಭುಜ ತಾಗಿದರೆ ಮುಗೀತಂತೆ, ಸಲೋಮಿ.
ಅವರು ಸಾರಿ ಅಂತಾರೆ, ನಾವೂ ಸಾರಿ ಅಂತೀವಿ,
ರೂಮಿಗೆ ಬಂದು ನೋಡಿದರೆ ಸಾರಿ ಒಂದೇ ಉಳಿದಿರುತ್ತೆ."

ಡಬ್ಲಿನ್ನಿಗೆ ಹೊರಟ ನರ್ಸ್ ಗ್ಲಾಡಿಸ್
ದುಡ್ಡಿಗಲ್ಲ, ವಿಷಲ್ ಇಡೋಕೆ ಜೇಬು ಕೇಳಿದಳು, ಕಾಲರಿನ ಹತ್ತಿರ.
ಅವಳಕ್ಕನ ಮೇಲೆ ಬಸ್ ಸ್ಟಾಪಿನಲ್ಲಿ ಹುಡುಗರು ಮೊಟ್ಟೆ ಎಸೆದಿದ್ದರಂತೆ.
ಊದಿದರೆ ಯಾರು ಬರ್ತಾರೆ?
"ಯಾರೂ ಬರಲ್ಲ. ಯಾರಾದರೂ ಕಿಟಕಿ ತೆಗೀತಾರೆ."

ದುಬೈಯಲ್ಲಿ ಒಂಬತ್ತು ವರ್ಷ ಡ್ರೈವರಾಗಿದ್ದ ಮುನವ್ವರ್ ನಗುತ್ತಾನೆ:
"ಅಲ್ಲಿ ಜೇಬೇ ಬೇಡ. ಕಾರಲ್ಲಿ ಕೀ ಬಿಟ್ಟು ನಮಾಜಿಗೆ ಹೋಗ್ತಿದ್ದೆ,
ಬಂದಾಗ ಎಸಿ ಹಾಗೇ ಓಡ್ತಿತ್ತು."
ಮತ್ತೆ ವಾಪಸ್ ಯಾಕೆ ಬಂದೆ, ಅಂದೆ.
ಸ್ವಲ್ಪ ಹೊತ್ತು ಬಾಬಿನ್ ಡಬ್ಬ ನೋಡಿದ.
"ನನ್ನ ಪಾಸ್‌ಪೋರ್ಟು ಒಂಬತ್ತು ವರ್ಷ ಯಜಮಾನನ ಬೀರುವಲ್ಲಿತ್ತು, ಅಕ್ಕ.
ಅದನ್ನ ಯಾರೂ ಕಳವು ಅನ್ನಲ್ಲ."

ಕ್ರಿಸ್ಪಿನ್ ಬಂದದ್ದು ಡಿಸೆಂಬರಿನಲ್ಲಿ.
ಕಿನ್ಶಾಸಾದ ಹುಡುಗ, ಹೆಣ್ಣೂರಲ್ಲಿ ಫಾರ್ಮಸಿ,
ನನ್ನ ಬಾಗಿಲಿಗೆ ತಲೆ ಬಗ್ಗಿಸಲೇಬೇಕು, ಅಷ್ಟೆತ್ತರ.
ಅವನು ಕೇಳಿದ್ದು ಹೊರಜೇಬು.
ಎದೆ ಮೇಲೆ, ಎದ್ದು ಕಾಣೋ ಹಾಗೆ, ಪ್ಲಾಸ್ಟಿಕ್ ಹಾಕಿ.
ಕಾಲೇಜಿನ ಐಡಿಗೆ.

ಅವನಾಡಿದ್ದು ಅರ್ಧ ಇಂಗ್ಲಿಷು, ಕಾಲು ಕನ್ನಡ, ಮಿಕ್ಕಿದ್ದು ಕೈ.
ನಾನು ಜೋಡಿಸಿ ಹೇಳ್ತಿದ್ದೀನಿ:
"ನಮ್ಮೂರಲ್ಲಿ ಸಂಜೆ ಆರಾದ ಮೇಲೆ ಫೋನು ಹೊರಗೆ ತೆಗೆಯಲ್ಲ.
ಕಳ್ಳರ ಹೆಸರೂ ಗೊತ್ತು, ಇಬ್ಬರು ನನ್ನ ಕ್ಲಾಸಿನವರು.
ಇಲ್ಲಿ ಫೋನು ಕೈಯಲ್ಲೇ ಹಿಡ್ಕೊಂಡು ನಡೀತೀನಿ. ಯಾರೂ ಕಿತ್ತುಕೊಂಡಿಲ್ಲ.
ಇಲ್ಲಿ ನನ್ನನ್ನ ನಿಲ್ಲಿಸೋದು ಕಳ್ಳರಲ್ಲ, ಆಂಟಿ.
ಕಳ್ಳನನ್ನ ಹುಡುಕ್ತಿರೋರು."

ಎಂಬತ್ತೇ ತಗೊಂಡೆ. ಹೊರಗಿನದಕ್ಕೆ ಬೇರೆ ರೇಟು ನನ್ನ ಹತ್ತಿರ ಇರಲಿಲ್ಲ.

ಫೆಬ್ರವರಿಯಲ್ಲಿ ನನ್ನ ಸರವೇ ಹೋಯಿತು.
ಹಾಡಹಗಲು, ಹಾಲಿನ ಬೂತಿನ ಮುಂದೆ. ಬೈಕು, ಇಬ್ಬರು, ಹೆಲ್ಮೆಟ್ಟು.
ಹದಿನಾಲ್ಕು ಗ್ರಾಂ. ಕತ್ತಿನ ಮೇಲೆ ಇವತ್ತಿಗೂ ಗೆರೆಯಿದೆ.
ನಿಮಿಷದಲ್ಲಿ ಜನ ಸೇರಿದರು. ನೀರು ಕೊಟ್ಟರು, ಸ್ಟೂಲು ತಂದರು,
ಒಳ್ಳೇ ಜನ, ಇಪ್ಪತ್ತೆರಡು ವರ್ಷದಿಂದ ಕಂಡೋರು.
ಅವರಲ್ಲೇ ಒಬ್ಬರು ಕೇಳಿದರು: "ಕರಿಯರಾ?"
ಹೆಲ್ಮೆಟ್ಟು, ಅಂದೆ.
"ಅದಲ್ಲ. ಅವರಾ?"
ಹೆಲ್ಮೆಟ್ಟು, ಅಂದೆ. ಕೈಗೆ ಗ್ಲೌಸು.
"ಎತ್ತರ ಇದ್ರಾ?"
ಬೈಕಿನ ಮೇಲೆ ಕೂತೋರ ಎತ್ತರ ನಾನು ಹೇಗೆ ಅಳೀಲಿ?

ಅಷ್ಟರಲ್ಲಿ ನಾಲ್ಕು ಹುಡುಗರು ಕ್ರಿಕೆಟ್ ಬ್ಯಾಟು ಹಿಡಿದು
ಆ ಪೀಜಿ ಕಡೆ ಹೊರಟೇಬಿಟ್ಟಿದ್ದರು.

ಸ್ಟೂಲಿನಿಂದ ಎದ್ದು ಕೂಗಿದೆ:
"ಅಚ್ಚ ಕನ್ನಡದಲ್ಲಿ ಬೈದರು ಕಣ್ರೋ, ನಮ್ಮೋರೇ!"
ಬ್ಯಾಟುಗಳು ನಿಂತವು.

ಸುಳ್ಳು. ಕಳ್ಳರು ಬಾಯೇ ಬಿಟ್ಟಿರಲಿಲ್ಲ.
ಸ್ಟೇಷನ್ನಿನ ರೈಟರು ಅದನ್ನೂ ಬರೆದುಕೊಂಡ.
ಏನಂತ ಬೈದರು, ಅಂದ.
ನನಗೆ ಗೊತ್ತಿದ್ದ ಒಂದನ್ನು ಹೇಳಿದೆ, ಟೇಬಲ್ಲಿನ ಗಾಜು ನೋಡುತ್ತಾ.

ನಿನ್ನೆ ರಾತ್ರಿ ಒಂಬತ್ತೂವರೆಗೆ ಶಟರ್ ಎಳೆದೆ.
ಬೀಗದ ಕೈ ಬೆರಳ ಸಂದಿಯಲ್ಲಿ, ಮೊನೆ ಹೊರಗೆ.
ಹಿಂದೆ ಯಾರದೋ ಹೆಜ್ಜೆ.
ಒಂದು ಕೆಮ್ಮು, ಬೇಕಂತಲೇ ಕೆಮ್ಮಿದ್ದು,
ಆಮೇಲೆ ಹೆಜ್ಜೆ ರಸ್ತೆ ದಾಟಿ ಆಚೆ ಬದಿಗೆ ಹೋಯಿತು.
ದೀಪದ ಕಂಬದ ಕೆಳಗೆ, ನನ್ನ ತಲೆಗಿಂತ ಎಷ್ಟೋ ಮೇಲೆ,
ಪ್ಲಾಸ್ಟಿಕ್ ಜೇಬೊಂದು ಹೊಳೀತು.

ಕ್ರಿಸ್ಪಿನ್, ಅಂತ ಕರೆದೆ.
ಈ ಕಡೆ ಬಾರೋ.
ಆ ಬದಿ ಚರಂಡಿಗೆ ಚಪ್ಪಡಿ ಇಲ್ಲ.