ಮುನೇಶ್ವರನ ಚೋಕು

ಗೌರಿಬಿದನೂರಿನಾಚೆ, ಬಟ್ಟೆ ಒಣಹಾಕಲೆಂಬಂತೆ
ಬಯಲ ತುಂಬ ಎಳೆದ ತಂತಿ.
ಬಟ್ಟೆ ಮಾತ್ರ ಇಲ್ಲ.
ಕುರಿಯವರು ಕೇಳುತ್ತಿದ್ದರು: ಇಲ್ಲೇನು ಒಣಗಿಸ್ತೀರಪ್ಪ?
ಆಕಾಶ, ಅನ್ನುತ್ತಿದ್ದೆ ನಾನು, ವೈರ್‌ಮನ್ನು,
ಏಣಿಯ ಮೇಲಿಂದ, ಬಾಯಲ್ಲಿನ ಇಕ್ಕಳ ತೆಗೆದು.

ಆ ಮಾಘದಲ್ಲಿ ದಿನಾ ಆರೂಮುಕ್ಕಾಲಿಗೆ
ಮೈಮೇಲೆ ಬಂದಂತೆ ಕುಣಿಯಿತು ಪೆನ್ನು, ಕಾಗದದ ಮೇಲೆ.
ನಕ್ಷತ್ರವಾದರೆ ದಿನಕ್ಕೆ ನಾಲ್ಕು ನಿಮಿಷ ಮೊದಲು ಬರಬೇಕು;
ಇದು ಬಂದದ್ದು ಹಿಂದೂಪುರದ ಬಸ್ಸಿಗಿಂತ ಕರಾರುವಾಕ್ಕಾಗಿ.
ಯಾರದು? ಎಂದರು ತಿರುನಾರಾಯಣ್. ಏನದು ಎನ್ನಲಿಲ್ಲ.
ಆ ಒಂದು ಪದಕ್ಕೇ ರಾತ್ರಿಯೆಲ್ಲ ಜಗಳ.

ಸಂಧ್ಯಾವಂದನೆ ಬಿಟ್ಟವರಲ್ಲ ಅವರು. ವಾಚು ಬಿಚ್ಚಿಟ್ಟು
ಜನರೇಟರ್ ಕೋಣೆಯ ಹಿಂದೆ, ನಲ್ಲಿ ನೀರಿಗೇ ಗಂಗೆ ಎಂದು
ಸೂರ್ಯನಿಗೆ ಮೂರು ಸಲ ಅರ್ಘ್ಯ ಬಿಟ್ಟು, ಒಳಗೆ ಬಂದು
ಸೂರ್ಯನ ಗದ್ದಲವನ್ನು ಲೆಕ್ಕದಿಂದ ಕಳೆಯುತ್ತಿದ್ದರು.

ಮಜುಂದಾರರಿಗೆ ದೇವರೆಂದರೆ ನಿಯಮ.
ಇಲ್ಲಿ ಎಷ್ಟೋ ಅಲ್ಲೂ ಅಷ್ಟೇ,
ಲಂಚ ನಡೆಯದ ಕಚೇರಿ; ಅರ್ಜಿ ಕೂಡ ತಗೊಳ್ಳೋದಿಲ್ಲ.
ಗ್ಲೆನಿಸ್ ಮೇಡಂ ಸ್ಟೌವಿನ ಮುಂದೆ ಮೊಟ್ಟೆ ಒಡೆಯುತ್ತ ಹೇಳಿದರು:
ಸೇಬು ಬಿದ್ದ ಕಥೆಯ ಆ ಮಹರಾಯ
ಬೆಳಕಿಗಿಂತ ಬೈಬಲ್ಲಿಗೇ ಹೆಚ್ಚು ಶಾಯಿ ಸುರಿದನಂತೆ,
ಬರೆದದ್ದನ್ನು ಪೆಟ್ಟಿಗೆಯಲ್ಲೇ ಇಟ್ಟನಂತೆ.
ನಿಮ್ಮದು? ಎಂದೆ.
ನನ್ನದು ಬಟ್ಟೆಯ ಹಾಗೆ. ಭಾನುವಾರ ಮಂಗಳೂರಲ್ಲಿದ್ದರೆ ತೊಡುತ್ತೇನೆ.
ಈರುಳ್ಳಿ ಹೆಚ್ಚಿ ಮುಗಿಸಿ, ಆಮೇಲೆ:
ಅಮ್ಮ ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನ
ಚರ್ಮದ ಹಾಗಿತ್ತು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ:
ಕಂಬ ಹತ್ತುವಾಗ ಇದ್ದಾನೆ. ಇಳಿದ ಮೇಲೆ ನೋಡಿಲ್ಲ.

ಮರುಸಂಜೆ ಟ್ರಾನ್ಸಿಸ್ಟರು ಕಿವಿಗೊತ್ತಿ ಸೈಕಲ್ಲು ತುಳಿದೆ.
ಹುಣಸೆತೋಪಿನ ಹತ್ತಿರ ಗೊರಗೊರ,
ಕೆರೆ ಏರಿ ಮೇಲೆ ಗರಗರ,
ಬೇವಿನ ಮರದಡಿ ಸಿಡಿಲು.
ಅಲ್ಲಿ ಮುನೇಶ್ವರ. ತಲೆಯ ಮೇಲೆ ಪಂಚಾಯ್ತಿ ಕೊಟ್ಟ ಟ್ಯೂಬ್‌ಲೈಟು,
ಹತ್ತಲೋ ಬೇಡವೋ ಎಂದು ಕಣ್ಣು ಪಿಳುಕಿಸುತ್ತ,
ಚೋಕು ಸುಟ್ಟ ವಾಸನೆ.

ಮಜುಂದಾರರು ನಕ್ಕು ನಕ್ಕು ಕೆಮ್ಮಿದರು.
ತಿರುನಾರಾಯಣ್ ನಗಲಿಲ್ಲ.
ಇಬ್ಬರೂ ಬಂದರು; ಒಬ್ಬರು ಚಪ್ಪಲಿ ಬಿಟ್ಟರು,
ಇನ್ನೊಬ್ಬರು ಬೂಟಿನ ಲೇಸು ಹಿಡಿದು ಯೋಚಿಸಿದರು.
ಪೂಜಾರಿ ಕದಿರಪ್ಪನಿಗೆ ಹೇಗೆ ಹೇಳುವುದು,
ನಿನ್ನ ದೇವರು ನಮ್ಮ ಆಕಾಶಕ್ಕೆ ಅಡ್ಡ ಬರುತ್ತಿದ್ದಾನೆಂದು?

ಅವನು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ.
ಸ್ವಾಮಿ, ಲೈಟು ಅವನಿಗಲ್ಲ. ಅವನು ಕತ್ತಲಲ್ಲೇ ಇದ್ದೋನು.
ಹಾವು ತುಳಿದೇನು ಅಂತ ನಂಗೆ ಭಯ.
ಆಮೇಲೆ ಕೇಳಿದ: ಅದು ಸರಿ,
ಅಷ್ಟು ತಂತಿ ಕಟ್ಟಿ ನೀವು ಕೇಳೋದು ಯಾರ ಮಾತು?
ತಿರುನಾರಾಯಣ್ ಮಜುಂದಾರರ ಕಡೆ ನೋಡಿದರು.
ಮಜುಂದಾರರು ಮರ ನೋಡಿದರು.
ಮಾತಲ್ಲ, ಗದ್ದಲ, ಎಂದರು ಕಡೆಗೆ. ತುಂಬ ಹಳೇದು.
ಹಂಗಾದ್ರೆ ಸರಿ, ಎಂದ ಕದಿರಪ್ಪ, ಗೊತ್ತಿದ್ದವನ ಹಾಗೆ.

ಹೊಸ ಚೋಕು ಹಾಕಿದೆ. ಅದೂ ಗೊರಗುಟ್ಟಿತು.
ಕೊನೆಗೆ ಹೊಂಗೆ ಎಣ್ಣೆಯ ದೀಪ, ಕದಿರಪ್ಪನಿಗೊಂದು ಟಾರ್ಚು.
ತಿಂಗಳಿಗೆ ಎರಡು ಲೀಟರು ಎಣ್ಣೆ;
ವೋಚರಿನಲ್ಲಿ ಮಜುಂದಾರರ ಕೈಬರಹ: ಶಬ್ದ ನಿವಾರಣೆಗೆ.
ಆಡಿಟರು ಎರಡು ವರ್ಷ ಅದನ್ನೇ ಕೆದಕಿದ.

ಈಗ ಕಾಗದದ ಸುರುಳಿ ಇಲ್ಲ, ಎಲ್ಲ ಕಂಪ್ಯೂಟರು.
ಒಂದು ಸುರುಳಿ ಮನೆಗೆ ತಂದಿದ್ದೆ. ಸಾಕಮ್ಮ ಕತ್ತರಿಸಿ
ದೇವರ ಗೂಡಿಗೆ ಹಾಸಿದಳು.
ಕುಂಕುಮ ಚೆಲ್ಲಿದ ಕಡೆ ಇನ್ನೂ ಕಾಣುತ್ತದೆ ಆರೂಮುಕ್ಕಾಲರ ಕುಣಿತ.
ಅದರಾಚೆ, ನೀಲಿ ಶಾಯಿಯ ತೆಳು ಗೆರೆ,
ನಡುಗಿಯೂ ನಡುಗದ ಹಾಗೆ.
ಅದು ಚೋಕಿನದಲ್ಲ.
ಶುಕ್ರವಾರ ಒರೆಸುವಾಗ ಸಾಕಮ್ಮನ ಒದ್ದೆ ಬಟ್ಟೆ
ಅದನ್ನು ಮಾತ್ರ ಸುತ್ತಿ ಬರುತ್ತದೆ.
ಯಾಕೆ ಅಂದರೆ ಹೇಳುವುದಿಲ್ಲ.